ಕಚ್ಚಿದ ಬ್ರೇಕು, ಬಿಚ್ಚುವ ಕೈ

(ದತ್ತಿ ಉಪನ್ಯಾಸದ ಪಠ್ಯ)



ಹಳೆಯ ಟ್ರ್ಯಾಕ್ಟರಿನಲ್ಲಿ ತುಕ್ಕು ಹಿಡಿದು ಕಚ್ಚಿಕೊಂಡ ಬ್ರೇಕನ್ನು ಬಿಚ್ಚುವುದು ಹೇಗೆ ಎಂಬುದು ಇವತ್ತಿನ ನನ್ನ ವಿಷಯ. ದತ್ತಿ ಉಪನ್ಯಾಸಕ್ಕೆ ಇಂಥ ವಿಷಯವೇ ಎಂದು ಕೆಲವರು ಕೇಳಿದರು. ನಮ್ಮ ನಾಡಿನ ಕಬ್ಬು, ಭತ್ತ, ಜೋಳ, ಇಟ್ಟಿಗೆ, ಮರಳು ಎಲ್ಲವನ್ನೂ ಹೊರುವ ಯಂತ್ರದ ಬಗ್ಗೆ, ಅದನ್ನು ಓಡಿಸುವವರ ಮತ್ತು ಅದರ ಎದುರು ಬರುವವರ ಜೀವದ ಬಗ್ಗೆ ಸಾರ್ವಜನಿಕ ವೇದಿಕೆಯಲ್ಲಿ ಮಾತಾಡದೆ ಇನ್ನೆಲ್ಲಿ ಮಾತಾಡಬೇಕು? ಒಂದು ಗಂಟೆ ಇದಕ್ಕೇ ಮೀಸಲಾಗಲಿ ಎಂದು ಮನಸಾರೆ ಒಪ್ಪಿಕೊಂಡು ಬಂದಿದ್ದೇನೆ.

ಟ್ರ್ಯಾಕ್ಟರಿನ ಎಂಜಿನ್ ಕೆಟ್ಟರೆ ಅದೇ ದಿನ ಮೇಸ್ತ್ರಿಗೆ ಫೋನು ಹೋಗುತ್ತದೆ. ಹೈಡ್ರಾಲಿಕ್ ಎತ್ತದಿದ್ದರೆ ಮರುದಿನ. ಬ್ರೇಕು ಕೆಟ್ಟರೆ ಮಾತ್ರ ‘ಸುಗ್ಗಿ ಮುಗೀಲಿ, ನೋಡಣ’ ಎನ್ನುತ್ತೇವೆ. ಇದು ಸೋಮಾರಿತನದ ಮಾತೆಂದು ನಾನು ಹೇಳಲಾರೆ. ಹೊಲದಲ್ಲಿ ಗಾಡಿಯನ್ನು ನಿಲ್ಲಿಸುವುದು ನೆಲವೇ. ನೇಗಿಲು ಮಣ್ಣಲ್ಲಿ ಇಳಿದಿರುವಾಗ ಕ್ಲಚ್ ಒತ್ತಿದರೆ ಸಾಕು, ಗಾಡಿ ನಿಂತ ಜಾಗದಲ್ಲೇ ನಿಲ್ಲುತ್ತದೆ. ತಿಂಗಳುಗಟ್ಟಲೆ ಬ್ರೇಕಿಲ್ಲದೆ ಉತ್ತರೂ ಕೊರತೆ ಕಾಣುವುದಿಲ್ಲ. ಕೊರತೆ ಕಾಣುವುದು ಅದೇ ಟ್ರ್ಯಾಕ್ಟರಿಗೆ ಟ್ರೇಲರು ಸಿಕ್ಕಿಸಿ, ಕಬ್ಬು ಹೇರಿ, ಇಳಿಜಾರಿನ ಸೇತುವೆಗೆ ಬಂದಾಗ. ಹಿಂದಿನ ಹೊರೆ ಮುಂದಿನ ಗಾಡಿಯನ್ನು ತಳ್ಳುತ್ತದೆ. ಆ ಹೊತ್ತಿಗೆ ಒಂದು ಬದಿಯ ಬ್ರೇಕು ಹಿಡಿದು ಇನ್ನೊಂದು ಹಿಡಿಯದೆ ಹೋದರೆ ಗಾಡಿ ನೇರ ನಿಲ್ಲದೆ ಅಡ್ಡ ತಿರುಗುತ್ತದೆ. ಎರಡೂ ಹಿಡಿಯದಿದ್ದರೆ ನಿಧಾನ ಮಾಡಿಕೊಳ್ಳಲಾದರೂ ಒಂದಿಷ್ಟು ದಾರಿ ಸಿಗಬಹುದು. ಒಂದೇ ಹಿಡಿದಾಗ ಅದೂ ಸಿಗುವುದಿಲ್ಲ. ಅರ್ಧ ಸರಿಯಿರುವ ಬ್ರೇಕಿನಷ್ಟು ಅಪಾಯದ್ದು ಇನ್ನೊಂದಿಲ್ಲ ಎಂದು ನಾನು ಪಾಠ ಮಾಡುವಾಗೆಲ್ಲ ಹೇಳುತ್ತ ಬಂದಿದ್ದೇನೆ.

ಮಾತು ಹರಡದಿರಲೆಂದು ಒಂದೇ ಗಾಡಿಯನ್ನು ಎದುರಿಗಿಟ್ಟುಕೊಳ್ಳುತ್ತೇನೆ: ಬಿ-275. ನಮ್ಮ ಹಿರಿಯರು ‘ಇಂಟರ್‌ನ್ಯಾಷನಲ್’ ಎಂದೇ ಕರೆಯುತ್ತಿದ್ದ ಗಾಡಿ. ಇಂಟರ್‌ನ್ಯಾಷನಲ್ ಹಾರ್ವೆಸ್ಟರ್ ಕಂಪನಿ 1954ರಲ್ಲಿ ಇಂಗ್ಲೆಂಡಿನ ಬ್ರಾಡ್‌ಫರ್ಡ್‌ನಲ್ಲಿದ್ದ ಜೊವೆಟ್ ಕಾರಿನ ಕಾರ್ಖಾನೆಯನ್ನು ಕೊಂಡು, ಅಲ್ಲಿ ಮೊದಲು ಬಿ-250, ಆಮೇಲೆ 1958ರಲ್ಲಿ ಬಿ-275 ತಯಾರಿಸಿತು. ಮಹೀಂದ್ರ ಮತ್ತು ವೋಲ್ಟಾಸ್ ಕಂಪನಿಗಳು ಅದರ ಜೊತೆ ಸೇರಿ 1963ರಲ್ಲಿ ಮುಂಬಯಿಯಲ್ಲಿ ಇಂಟರ್‌ನ್ಯಾಷನಲ್ ಟ್ರ್ಯಾಕ್ಟರ್ ಕಂಪನಿ ಕಟ್ಟಿದ ಮೇಲೆ ಇದೇ ಗಾಡಿ ನಮ್ಮ ದೇಶದಲ್ಲೇ ತಯಾರಾಗತೊಡಗಿತು. ಆ ಕಾಲದ ಹೆಚ್ಚಿನ ಟ್ರ್ಯಾಕ್ಟರುಗಳಲ್ಲಿ ಡ್ರಮ್ ಬ್ರೇಕಿದ್ದರೆ ಇದರಲ್ಲಿ ಡಿಸ್ಕ್ ಬ್ರೇಕಿತ್ತು. ಇವತ್ತಿನ ಮೋಟರ್ ಸೈಕಲ್ಲಿನ ಡಿಸ್ಕನ್ನು ನೆನೆದುಕೊಳ್ಳಬೇಡಿ. ಇದು ಬೇರೆಯೇ ಜಾತಿ. ಇದರ ಒಳಗನ್ನು ಸ್ವಲ್ಪ ನಿಧಾನವಾಗಿ ನೋಡೋಣ, ಏಕೆಂದರೆ ಏಕೆ ಕಚ್ಚಿದೆ ಎಂದು ತಿಳಿಯದವನು ಬಿಚ್ಚಲು ಹೋದರೆ ಮುರಿಯುತ್ತಾನೆ.

ಹಿಂದಿನ ಚಕ್ರದ ಒಳಮಗ್ಗುಲಲ್ಲಿ, ಡಿಫರೆನ್ಷಿಯಲ್‌ನಿಂದ ಹೊರಬರುವ ಶಾಫ್ಟಿನ ತುದಿಗೆ ಎರಕದ ಒಂದು ಗೂಡು ಇರುತ್ತದೆ. ಬ್ರೇಕು ಅದರೊಳಗೆ. ಈ ಶಾಫ್ಟಿನ ಸಣ್ಣ ಹಲ್ಲುಚಕ್ರ ಬುಲ್ ಗೇರನ್ನು ತಿರುಗಿಸುತ್ತದೆ, ಬುಲ್ ಗೇರು ಚಕ್ರವನ್ನು ತಿರುಗಿಸುತ್ತದೆ. ಹಾಗಾಗಿ ಶಾಫ್ಟು ಚಕ್ರಕ್ಕಿಂತ ಹಲವು ಪಟ್ಟು ಬೇಗ ಸುತ್ತುತ್ತದೆ. ಅಲ್ಲಿ ಕೊಟ್ಟ ಹಿಡಿತ ಚಕ್ರ ತಲುಪುವ ಹೊತ್ತಿಗೆ ಅಷ್ಟೇ ಪಟ್ಟು ಹೆಚ್ಚುತ್ತದೆ. ಅಷ್ಟು ದೊಡ್ಡ ಗಾಡಿಯನ್ನು ಗೇಣಗಲದ ಬಿಲ್ಲೆಗಳು ನಿಲ್ಲಿಸುವ ಗುಟ್ಟು ಇದೇ.

ಗೂಡಿನೊಳಗೆ ಶಾಫ್ಟಿನ ಸ್ಪ್ಲೈನಿನ ಮೇಲೆ ಎರಡು ಬಿಲ್ಲೆ. ಎರಡಕ್ಕೂ ಎರಡೂ ಮುಖದಲ್ಲಿ ಲೈನಿಂಗ್ ಅಂಟಿದೆ, ಎರಡೂ ಶಾಫ್ಟಿನ ಜೊತೆ ಸುತ್ತುತ್ತವೆ. ಅವೆರಡರ ನಡುವೆ ಸುತ್ತದೆ ಕೂತಿರುವ ಜೋಡಿ ತಟ್ಟೆಗಳಿವೆ, ಬೆನ್ನಿಗೆ ಬೆನ್ನು ಕೊಟ್ಟು. ತಟ್ಟೆಗಳ ಬೆನ್ನಿನಲ್ಲಿ ಇಳಿಜಾರಾದ ಕುಳಿಗಳು, ಕುಳಿಗಳಲ್ಲಿ ಉಕ್ಕಿನ ಗುಂಡುಗಳು. ತಟ್ಟೆಗಳು ಅಗಲದಂತೆ ಸ್ಪ್ರಿಂಗುಗಳು ಎಳೆದು ಹಿಡಿದಿರುತ್ತವೆ. ಪೆಡಲ್ ಒತ್ತಿದಾಗ ರಾಡು ಎಳೆದು ಒಂದು ತಟ್ಟೆಯನ್ನು ಈ ಕಡೆ, ಇನ್ನೊಂದನ್ನು ಆ ಕಡೆ ಚೂರೇ ತಿರುಗಿಸುತ್ತದೆ. ಗುಂಡುಗಳು ಕುಳಿಯ ಇಳಿಜಾರನ್ನು ಹತ್ತುತ್ತವೆ. ಹತ್ತಿದಷ್ಟೂ ತಟ್ಟೆಗಳು ಅಗಲುತ್ತವೆ. ಅಗಲಿ, ಸುತ್ತುವ ಬಿಲ್ಲೆಗಳನ್ನು ಗೂಡಿನ ಗೋಡೆಗೆ ಒತ್ತುತ್ತವೆ. ಒಮ್ಮೆ ತಾಗಿದ್ದೇ ತಡ, ಸುತ್ತುವ ಬಿಲ್ಲೆ ತಟ್ಟೆಯನ್ನು ತನ್ನ ಜೊತೆ ಇನ್ನಷ್ಟು ಎಳೆದೊಯ್ದು ಗುಂಡನ್ನು ಇನ್ನಷ್ಟು ಮೇಲೆ ಹತ್ತಿಸುತ್ತದೆ. ಕಾಲಿನ ಬಲಕ್ಕೆ ಗಾಡಿ ತನ್ನದೇ ಓಟದ ಬಲವನ್ನು ಸೇರಿಸಿಕೊಂಡು ನಿಲ್ಲುತ್ತದೆ. ಎಂಥ ಚಂದದ ಯೋಚನೆ! ಎಣ್ಣೆ, ಪೈಪು, ಸಿಲಿಂಡರು ಯಾವುದೂ ಬೇಡ.

ಈ ಚಂದವೆಲ್ಲ ನಿಂತಿರುವುದು ಗುಂಡು ಸಲೀಸಾಗಿ ಉರುಳುವುದರ ಮೇಲೆ. ರಾಡು ಗೂಡಿನೊಳಗೆ ಹೋಗುವ ತೂತಿಗೆ ಒಂದು ರಬ್ಬರ್ ಮುಸುಕು ಇರುತ್ತದೆ. ಅದು ಹರಿದ ಮೇಲೆ ಏನಾಗುತ್ತದೆ ಎಂಬುದನ್ನು ತುಂಗಭದ್ರಾ ಮತ್ತು ಕಾವೇರಿ ನಾಲೆಗಳ ಕೆಳಗಿನ ಭತ್ತದ ಗದ್ದೆಯವರಿಗೆ ನಾನು ವಿವರಿಸಬೇಕಿಲ್ಲ. ಕೇಜ್ ವೀಲ್ ಹಾಕಿ ಕೆಸರು ತುಳಿಸುವಾಗ ಮಣ್ಣುನೀರು ಆ ತೂತಿನಿಂದ ಒಳಗೆ ಹೋಗುತ್ತದೆ. ನಾಟಿ ಮುಗಿದ ಮೇಲೆ ಗಾಡಿ ಕೊಟ್ಟಿಗೆಯಲ್ಲಿ ನಿಲ್ಲುತ್ತದೆ, ಅದೂ ಎಷ್ಟೋ ಸಲ ಬ್ರೇಕ್ ಹಾಕಿ ಕೊಂಡಿ ಸಿಕ್ಕಿಸಿಯೇ. ಗುಂಡು ಇಳಿಜಾರಿನ ಮೇಲೆ ನಿಂತಿದೆ, ಸುತ್ತ ನೀರಿದೆ, ಗಾಳಿಯಿದೆ. ತುಕ್ಕು ಹುಟ್ಟುತ್ತದೆ. ಕಬ್ಬಿಣ ತುಕ್ಕಾದಾಗ ಅದು ಮೊದಲಿನ ಜಾಗದಲ್ಲಿ ಹಿಡಿಸುವುದಿಲ್ಲ. ಎರಡರಿಂದ ಆರು ಪಟ್ಟು ಉಬ್ಬುತ್ತದೆ. ಸಂದಿನಲ್ಲಿ ಹುಟ್ಟಿದ ತುಕ್ಕಿಗೆ ಹೋಗಲು ಬೇರೆ ಜಾಗವಿಲ್ಲ, ಆದ್ದರಿಂದ ಎರಡೂ ಕಡೆಯನ್ನು ಒತ್ತಿ ಹಿಡಿಯುತ್ತದೆ. ತಟ್ಟೆ ಕಚ್ಚುವುದು ಹೀಗೆ, ಬೋಲ್ಟು ಕಚ್ಚುವುದೂ ಹೀಗೆ. ದಯವಿಟ್ಟು ಗಾಡಿಯನ್ನು ಬಹಳ ದಿನ ನಿಲ್ಲಿಸುವಾಗ ಬ್ರೇಕ್ ಬಿಟ್ಟು, ಚಕ್ರಕ್ಕೆ ಕಲ್ಲು ಕೊಟ್ಟು ನಿಲ್ಲಿಸಿ.

ಇನ್ನು ಬಿಚ್ಚುವ ಮಾತಿಗೆ ಬರುತ್ತೇನೆ. ಮೊದಲ ಪಾನಾ ಹಾಕುವುದಕ್ಕೂ ಮುಂಚೆ ಒಂದು ಪರೀಕ್ಷೆ ಇದೆ, ಅದನ್ನು ಅರ್ಧ ಮಂದಿ ಮಾಡುವುದಿಲ್ಲ. ಪೆಡಲ್ ಕಲ್ಲಿನ ಹಾಗೆ ಗಟ್ಟಿಯಾಗಿದೆ ಎಂದರೆ ಬ್ರೇಕೇ ಕಚ್ಚಿದೆ ಎಂದುಕೊಳ್ಳುತ್ತೇವೆ. ರಾಡನ್ನು ಪೆಡಲಿನ ತುದಿಯಿಂದ ಕಳಚಿ, ಬರೀ ಪೆಡಲನ್ನು ಕೈಯಲ್ಲಿ ಆಡಿಸಿ ನೋಡಿ. ಆಗಲೂ ಆಡದಿದ್ದರೆ ಕಚ್ಚಿರುವುದು ಪೆಡಲಿನ ಶಾಫ್ಟು ಮತ್ತು ಅದರ ಬುಷ್. ವರ್ಷಗಟ್ಟಲೆ ಗ್ರೀಸು ಕಾಣದ ಜಾಗ ಅದು. ಗೂಡನ್ನು ಮುಟ್ಟುವ ಅಗತ್ಯವೇ ಇಲ್ಲ. ಪೆಡಲ್ ಸಲೀಸಾಗಿ ಆಡಿದರೆ ಮಾತ್ರ ಮುಂದಕ್ಕೆ ಹೋಗಿ: ಗೇರು ನ್ಯೂಟ್ರಲ್ಲಿಗೆ ಹಾಕಿ, ಮುಂದಿನ ಚಕ್ರಗಳಿಗೂ ನೆಲದಲ್ಲಿರುವ ಹಿಂದಿನ ಚಕ್ರಕ್ಕೂ ಅಡೆ ಕೊಟ್ಟು, ಸಂಶಯವಿರುವ ಬದಿಯನ್ನು ಜ್ಯಾಕಿನಿಂದ ಎತ್ತಿ ಚಕ್ರವನ್ನು ಕೈಯಿಂದ ತಿರುಗಿಸಿ. ತಿರುಗದಿದ್ದರೆ ತಟ್ಟೆಗಳು ಅಗಲಿದ ಸ್ಥಿತಿಯಲ್ಲಿ ಕಚ್ಚಿವೆ. ಸಲೀಸಾಗಿ ತಿರುಗಿ, ರಾಡು ಮಾತ್ರ ಎಳೆಯಲಾಗದಿದ್ದರೆ ಮುಚ್ಚಿದ ಸ್ಥಿತಿಯಲ್ಲಿ ಕಚ್ಚಿವೆ. ಮೊದಲನೆಯದರಲ್ಲಿ ಗೂಡು ಹೊರಬರುವುದು ಹೆಚ್ಚು ಕಷ್ಟ, ಏಕೆಂದರೆ ಒಳಗಿನಿಂದ ತಟ್ಟೆಗಳು ಅದನ್ನು ಒತ್ತುತ್ತಿರುತ್ತವೆ.

ಜ್ಯಾಕನ್ನು ನಂಬಿ ಯಾರೂ ಕೆಳಗೆ ಕೈ ಹಾಕಬೇಡಿ. ಆಕ್ಸಲ್ ಕೆಳಗೆ ಗಟ್ಟಿ ಮರದ ದಿಮ್ಮಿಗಳು ಬೇಕು. ಚಕ್ರ ಕಳಚುವುದಾದರೆ ಅದರ ಟ್ಯೂಬಿನಲ್ಲಿ ನೀರು ತುಂಬಿದೆಯೇ ಎಂದು ಮೊದಲು ಕೇಳಿಕೊಳ್ಳಿ. ಈ ಅಳತೆಯ ಹಿಂದಿನ ಟೈರು ನೂರೈವತ್ತು ಲೀಟರಿನ ಆಸುಪಾಸು ನೀರು ಹಿಡಿಯುತ್ತದೆ. ಅದು ವಾಲಿದರೆ ಒಬ್ಬನಿಂದ ತಡೆಯಲಾಗದು.

ಗೂಡಿನ ಬೋಲ್ಟುಗಳ ಮೇಲೆ ಮೊದಲು ತಂತಿ ಬ್ರಷ್ಷು ಆಡಲಿ. ಆಮೇಲೆ ತುಕ್ಕು ಬಿಡಿಸುವ ಎಣ್ಣೆ, ಡೀಸೆಲ್ಲೂ ಆದೀತು. ಹಾಕಿ ರಾತ್ರಿಯೆಲ್ಲ ಬಿಡಿ. ಬೆಳಿಗ್ಗೆ ಬೋಲ್ಟಿನ ತಲೆಯ ಮೇಲೆ ನೇರವಾಗಿ, ಮಿತವಾಗಿ ಸುತ್ತಿಗೆಯಿಂದ ತಟ್ಟಿ. ಪುಡಿ ತುಕ್ಕಿನ ಹಿಡಿತ ಸಡಿಲಿಸಿ ಎಣ್ಣೆಗೆ ದಾರಿ ಮಾಡುವುದೇ ಈ ಪೆಟ್ಟಿನ ಕೆಲಸ. ಪಾನಾ ಹಾಕಿದಾಗ ಮೊದಲು ಬಿಗಿಯುವ ಕಡೆಗೆ ಒಂದು ಕೂದಲೆಳೆಯಷ್ಟು, ಆಮೇಲೆ ಬಿಚ್ಚುವ ಕಡೆಗೆ. ಹಿಂದೆ ಮುಂದೆ ಆಡಿಸುತ್ತ, ಎಣ್ಣೆ ಹಾಕುತ್ತ ಬನ್ನಿ. ಆರು ಮೂಲೆಯ ರಿಂಗ್ ಪಾನಾವೇ ಬೇಕು. ಬಾಯಿ ತೆರೆದ ಹಳೆಯ ಪಾನಾ ಮೂಲೆ ಸವೆಸಿಬಿಡುತ್ತದೆ.

ಇಷ್ಟಕ್ಕೂ ಬಾರದಿದ್ದರೆ, ಹಾಕಿದ ಎಣ್ಣೆಯನ್ನು ಪೂರಾ ಒರೆಸಿ, ಆಮೇಲೆ ಬೆಂಕಿ. ನೂರು ಮಿಲಿಮೀಟರ್ ಅಗಲದ ಎರಕದ ಕಬ್ಬಿಣ ನೂರು ಡಿಗ್ರಿ ಹೆಚ್ಚಿಗೆ ಕಾದರೆ ಮಿಲಿಮೀಟರಿನ ಹತ್ತನೇ ಒಂದು ಭಾಗದಷ್ಟು ಹಿಗ್ಗುತ್ತದೆ. ಕೇಳಲು ಏನೂ ಅಲ್ಲ ಅನ್ನಿಸಬಹುದು. ತುಕ್ಕಿನ ಪದರವನ್ನು ಒಡೆಯಲು ಅಷ್ಟು ಸಾಕು. ಕಾಯಿಸಬೇಕಾದದ್ದು ಬೋಲ್ಟನ್ನಲ್ಲ, ಅದರ ಸುತ್ತಲಿನ ಎರಕವನ್ನು. ಕಾದ ಮೇಲೆ ಮೇಣದಬತ್ತಿಯ ತುದಿಯನ್ನು ಬೋಲ್ಟಿನ ಬುಡಕ್ಕೆ ಒತ್ತಿದರೆ ಕರಗಿದ ಮೇಣ ಥ್ರೆಡ್ಡಿನ ಮೂಲಕ ಒಳಕ್ಕೆ ಇಳಿಯುವುದನ್ನು ಕಣ್ಣಾರೆ ನೋಡಬಹುದು. ತಲೆ ಕಿತ್ತು ಬಂದಿದ್ದರೆ ಉಳಿದ ಮೋಟಿನ ಮೇಲೆ ಒಂದು ನಟ್ಟು ಇಟ್ಟು, ನಟ್ಟಿನ ಒಳಗಿನಿಂದ ವೆಲ್ಡ್ ಮಾಡಿ. ವೆಲ್ಡಿನ ಕಾವು ಮೋಟನ್ನು ಹಿಗ್ಗಿಸಿ, ಆರುವಾಗ ಕುಗ್ಗಿಸಿ, ತುಕ್ಕನ್ನು ತಾನೇ ಬಿಡಿಸುತ್ತದೆ. ಹಿಡಿಯಲು ಹೊಸ ತಲೆಯೂ ಸಿಕ್ಕಿತು. ಆಯಿಲ್ ಸೀಲಿನ ಹತ್ತಿರ, ಎಣ್ಣೆ ಸೋರಿದ ಜಾಗದಲ್ಲಿ ಮಾತ್ರ ಬೆಂಕಿ ತರಬೇಡಿ.

ಬೋಲ್ಟುಗಳು ಬಂದವು, ಗೂಡು ಬರಲಿಲ್ಲ. ಮೇಸ್ತ್ರಿಯ ಗುಣ ಗೊತ್ತಾಗುವುದು ಇಲ್ಲಿ. ಮಂಡ್ಯದ ಕಡೆ ವಿಶ್ವೇಶ್ವರಯ್ಯ ನಾಲೆಯ ಪಕ್ಕದ ಒಂದು ಶೆಡ್ಡಿನಲ್ಲಿ ನಾನು ನಿಂತು ನೋಡಿದ್ದನ್ನು ಹೇಳುತ್ತೇನೆ. ಕೆಲಸ ಕಲಿಯುತ್ತಿದ್ದ ಹುಡುಗ ಗೂಡಿನ ಸಂದಿಗೆ ಚಾಣ ಇಟ್ಟು ದೊಡ್ಡ ಸುತ್ತಿಗೆ ಎತ್ತಿದ. ಹಿರಿಯ ಮೇಸ್ತ್ರಿ ಕೈ ಹಿಡಿದರು.

“ಚಾಣ ತಗಿ ಮಗ. ಅಲ್ಲಿ ಗಾಯ ಮಾಡುದ್ರೆ ನಾಳೆ ನೀರು ಅಲ್ಲಿಂದ್ಲೇ ನುಗ್ತದೆ.”

“ಇನ್ನೆಂಗಣ್ಣ ಬರದು ಇದು?”

“ಮೊದ್ಲು ಎರಡು ಬೋಲ್ಟ್ ವಾಪಸ್ ಹಾಕು, ಪೂರ್ತಿ ಬಿಗೀಬ್ಯಾಡ. ಬಂದೇಟ್ಗೆ ಕಾಲ್ ಮ್ಯಾಲೆ ಬೀಳ್ಬಾರ್ದು. ಆಮ್ಯಾಲೆ ಮರದ ತುಂಡು ಕೊಟ್ಟು ಸುತ್ಲೂ ತಟ್ಕೊಂಡ್ ಬಾ. ಸದ್ದು ಕೇಳ್ಕೊ.”

ಹುಡುಗ ತಟ್ಟಿದ. ಮೊದಲು ಸದ್ದು ಗೋಣಿಚೀಲಕ್ಕೆ ಹೊಡೆದಂತೆ ಸತ್ತಿತ್ತು. ಗೂಡಿನ ಸುತ್ತ ಒಂದು ಸುತ್ತು, ಇನ್ನೊಂದು ಸುತ್ತು. ಮೇಸ್ತ್ರಿ ಬೀಡಿ ಹಚ್ಚಲಿಲ್ಲ, ಫೋನು ಎತ್ತಲಿಲ್ಲ, ತಲೆ ಓರೆ ಮಾಡಿಕೊಂಡು ಕೂತಿದ್ದರು. ಬಹಳ ಹೊತ್ತಿನ ಮೇಲೆ ಮೇಲ್ಗಡೆಯ ಒಂದು ಕಡೆ ಸದ್ದು ತೆಳುವಾಯಿತು, ಎರಕ ಉಲಿಯತೊಡಗಿತು. “ಅಲ್ ಬುಡ್ತು ನೋಡು. ಈಗ ಎದುರ್ಗಡೆ” ಎಂದರು. ಸಂದಿನಲ್ಲಿ ಕೆಂಪು ಪುಡಿಯ ಗೆರೆಯೊಂದು ಮೂಡಿತು. ಬಿಟ್ಟ ಕಡೆ ಹೊಡೆಯುತ್ತ ಹೋದರೆ ಗೂಡು ಓರೆಯಾಗಿ ಇನ್ನಷ್ಟು ಕಚ್ಚುತ್ತದೆ. ಬಿಡದ ಕಡೆಗೆ ಹೋಗಬೇಕು ಎಂಬುದು ಆ ಮಾತಿನ ಅರ್ಥ. ಆ ಹಿರಿಯರು ಶಾಲೆ ಕಲಿತದ್ದು ಕಡಿಮೆ. ಲೋಹದ ಕಂಪನದ ಬಗ್ಗೆ ನಾವು ತರಗತಿಯಲ್ಲಿ ಬರೆಸುವುದನ್ನು ಅವರು ಕಿವಿಯಲ್ಲಿ ಇಟ್ಟುಕೊಂಡಿದ್ದರು. ನನಗೆ ಅವರ ಮೇಲಿರುವ ಗೌರವವನ್ನು ಈ ವೇದಿಕೆಯಿಂದ ಹೇಳಲು ಸಂತೋಷವಾಗುತ್ತದೆ.

ಗೂಡು ಬಂದ ಮೇಲೆ ದೂಳಿನ ವಿಷಯ. ಇದನ್ನು ನಾನು ಕೈಮುಗಿದು ಹೇಳುತ್ತೇನೆ. ಹಳೆಯ ಬ್ರೇಕ್ ಲೈನಿಂಗುಗಳಲ್ಲಿ ಕಲ್ನಾರು ಬೆರೆಸುತ್ತಿದ್ದರು. ಒಳಗೆ ಕೂತಿರುವ ಬೂದು ಪುಡಿಯಲ್ಲಿ ಅದರ ನಾರುಗಳಿರಬಹುದು, ಕಣ್ಣಿಗೆ ಕಾಣದಷ್ಟು ಸಣ್ಣವು. ಕಂಪ್ರೆಸರ್ ಗಾಳಿ ಹೊಡೆದು ಅದನ್ನು ಹಾರಿಸುವುದು ನಮ್ಮ ಗ್ಯಾರೇಜುಗಳ ರೂಢಿ. ಆ ಗಾಳಿ ಹೊಡೆಯುವವನು ಸಾಮಾನ್ಯವಾಗಿ ಅಲ್ಲಿನ ಅತಿ ಚಿಕ್ಕ ಹುಡುಗ. ಕಲ್ನಾರಿನಿಂದ ಬರುವ ಶ್ವಾಸಕೋಶದ ಕಾಯಿಲೆ, ಕ್ಯಾನ್ಸರ್ ಇವು ತೋರಿಕೊಳ್ಳಲು ಇಪ್ಪತ್ತು, ಮೂವತ್ತು, ನಲವತ್ತು ವರ್ಷ ಹಿಡಿಯುತ್ತದೆ. ಅಷ್ಟು ಹೊತ್ತಿಗೆ ಆ ಹುಡುಗ ಮೇಸ್ತ್ರಿಯಾಗಿರುತ್ತಾನೆ, ಮಕ್ಕಳ ತಂದೆಯಾಗಿರುತ್ತಾನೆ. ಯಾವ ಬ್ರೇಕಿನ ದೂಳು ಅವನ ಎದೆಗೆ ಹೋಯಿತೆಂದು ಯಾರೂ ಹೇಳಲಾರರು. ಗಾಳಿ ಹೊಡೆಯಬೇಡಿ, ಒಣ ಬ್ರಷ್ಷು ಹಾಕಬೇಡಿ. ಸೋಪಿನ ನೀರು ಚಿಮುಕಿಸಿ ಪೂರಾ ತೊಯ್ಯಿಸಿ, ಒದ್ದೆ ಬಟ್ಟೆಯಲ್ಲಿ ಒರೆಸಿ, ಆ ಬಟ್ಟೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಹಾಕಿ. ಮಾಸ್ಕ್ ಇರಲಿ, ಕೈ ತೊಳೆಯದೆ ಊಟಕ್ಕೆ ಕೂರಬೇಡಿ, ಕೆಲಸದ ಬಟ್ಟೆಯಲ್ಲೇ ಮಗುವನ್ನು ಎತ್ತಿಕೊಳ್ಳಬೇಡಿ. ಖರ್ಚು ಒಂದು ಬಕೆಟ್ ನೀರು.

ಬಿಲ್ಲೆ ಸ್ಪ್ಲೈನಿಗೆ ಕಚ್ಚಿದ್ದರೆ ಒಂದೇ ಅಂಚಿನಿಂದ ಮೀಟಬಾರದು. ಎದುರುಬದುರು ಎರಡು ಮೀಟುಗೋಲು ಇಟ್ಟು ಸಮನಾಗಿ ಎಳೆಯಬೇಕು. ಜೋಡಿ ತಟ್ಟೆಗಳಲ್ಲಿ ಮೊದಲು ಸ್ಪ್ರಿಂಗು ಬಿಡಿಸಬೇಕು, ಕಣ್ಣಿಗೆ ಕನ್ನಡಕ ಹಾಕಿಕೊಂಡು, ಏಕೆಂದರೆ ತುಕ್ಕು ತಿಂದ ಸ್ಪ್ರಿಂಗು ಯಾವ ಕಡೆ ಹಾರುತ್ತದೆಂದು ಹೇಳಲಾಗದು. ಆಮೇಲೆ ತಟ್ಟೆಗಳನ್ನು ಚಾಣದಿಂದ ಅಗಲಿಸುವ ಆಸೆ ಎಲ್ಲರಿಗೂ ಬರುತ್ತದೆ. ಹಾಗೆ ಮಾಡಿದರೆ ಕುಳಿಯ ಅಂಚು ಚಕ್ಕೆಯೇಳುತ್ತದೆ, ಅಲ್ಲಿಗೆ ತಟ್ಟೆಯ ಆಯುಷ್ಯ ಮುಗಿಯಿತು. ಅವು ಅಗಲಲು ಹುಟ್ಟಿರುವುದು ತಿರುಗುವ ಮೂಲಕ. ಒಂದನ್ನು ವೈಸಿನಲ್ಲಿ ಹಿಡಿದು ಇನ್ನೊಂದನ್ನು ಅತ್ತ ಇತ್ತ ತಿರುಗುವಂತೆ ಅಂಚಿನ ಮೇಲೆ ಮರದ ಸುತ್ತಿಗೆಯಿಂದ ತಟ್ಟಿ. ಒಂದು ಸಲ ಕದಲಿತೆಂದರೆ ಉಳಿದದ್ದು ಎಣ್ಣೆಯ ಕೆಲಸ.

ಬರಿಯ ಎರಕದ ತಟ್ಟೆಗಳ ತುಕ್ಕಿಗೆ ಸಕ್ಕರೆ ಸೀಮೆಯವರ ಕೈಯಳತೆಯಲ್ಲೇ ಒಂದು ಮದ್ದಿದೆ. ಒಂದು ಪಾಲು ಕಾಕಂಬಿಗೆ ಒಂಬತ್ತು ಹತ್ತು ಪಾಲು ನೀರು ಬೆರೆಸಿ ಮುಳುಗಿಸಿಟ್ಟರೆ ವಾರ ಎರಡು ವಾರದಲ್ಲಿ ತುಕ್ಕು ಕರಗುತ್ತದೆ, ಒಳ್ಳೆಯ ಲೋಹ ಹೆಚ್ಚು ಸವೆಯುವುದಿಲ್ಲ. ವಾಸನೆ ತಡೆದುಕೊಳ್ಳಬೇಕು ಅಷ್ಟೆ. ತೆಗೆದ ಕೂಡಲೆ ತೊಳೆದು ಒಣಗಿಸಿ. ಗುಂಡು, ಸ್ಪ್ರಿಂಗುಗಳನ್ನು ಅದಕ್ಕೆ ಹಾಕುವ ಬದಲು ಹೊಸದು ಕೊಳ್ಳುವುದೇ ಸರಿ. ಕುಳಿಯಲ್ಲಿ ಗುಂಡಿನ ಅಚ್ಚು ಒತ್ತಿದ್ದರೆ, ಉಗುರು ಆಡಿಸಿದಾಗ ತಗ್ಗು ಸಿಕ್ಕಿದರೆ, ಆ ತಟ್ಟೆಯನ್ನೂ ಬದಲಿಸಿ. ಲೈನಿಂಗ್ ಮೇಲೆ ಗೇರ್ ಆಯಿಲ್ ಕುಡಿದ ಕಪ್ಪು ಕಂಡರೆ ಶಾಫ್ಟಿನ ಸೀಲು ಹೋಗಿದೆ. ಸೀಲು ಬದಲಿಸದೆ ಹೊಸ ಬಿಲ್ಲೆ ಹಾಕುವುದು ದುಡ್ಡನ್ನು ನೀರಿಗೆ ಹಾಕಿದ ಹಾಗೆ.

ಹಳೆಯ ಮ್ಯಾಸ್ಸಿ ಫರ್ಗುಸನ್‌ನವರು ನಮ್ಮ ಗಾಡಿಯ ಮಾತೇ ಬರಲಿಲ್ಲ ಎನ್ನಬಾರದು. ಮ್ಯಾಸ್ಸಿ 35ರಂಥವುಗಳಲ್ಲಿ ಚಕ್ರದ ಹಿಂದೆಯೇ 14 ಇಂಚಿನ ಡ್ರಮ್ಮು. ಅದು ಬಾರದಿರಲು ಕಾರಣ ಹೆಚ್ಚಾಗಿ ಎರಡು. ಒಂದು, ಡ್ರಮ್ಮಿನ ಒಳಗೋಡೆ ಸವೆದು ಅಂಚಿನಲ್ಲಿ ಕಟ್ಟೆ ಎದ್ದಿರುತ್ತದೆ, ಶೂ ಆ ಕಟ್ಟೆಗೆ ಸಿಕ್ಕಿಕೊಳ್ಳುತ್ತದೆ. ಅಡ್ಜಸ್ಟರ್ ಹಿಂದಕ್ಕೆ ತಿರುಗಿಸಿ ಶೂ ಕುಗ್ಗಿಸದೆ ಎಷ್ಟು ಹೊಡೆದರೂ ಬಾರದು. ಇನ್ನೊಂದು, ಡ್ರಮ್ಮನ್ನು ಹಿಡಿದ ಚಪ್ಪಟೆ ತಲೆಯ ಸ್ಕ್ರೂ. ಅದಕ್ಕೆ ಸುತ್ತಿಗೆಯ ಪೆಟ್ಟಿಗೆ ತಿರುಗುವ ಇಂಪ್ಯಾಕ್ಟ್ ಡ್ರೈವರ್ ಬೇಕು.

ಇದೆಲ್ಲ ಎಲ್ಲಿ ಬರೆದಿದೆ? ನಮ್ಮ ಐಟಿಐಗಳಲ್ಲಿ ಮೆಕ್ಯಾನಿಕ್ ಟ್ರ್ಯಾಕ್ಟರ್ ಎಂಬ ಒಂದು ವರ್ಷದ ಕೋರ್ಸಿದೆ. ಮಧ್ಯಪ್ರದೇಶದ ಬುದ್ನಿಯಲ್ಲಿ, ನಮ್ಮ ಗಡಿಯಾಚೆ ಅನಂತಪುರದ ಗಾರ್ಲದಿನ್ನೆಯಲ್ಲಿ ಕೇಂದ್ರ ಸರಕಾರದ ಕೃಷಿ ಯಂತ್ರ ತರಬೇತಿ ಮತ್ತು ಪರೀಕ್ಷಾ ಸಂಸ್ಥೆಗಳಿವೆ. ಅಲ್ಲಿ ಕಲಿಸುವವರ ಮೇಲೆ ನನಗೆ ಗೌರವವಿದೆ. ಆದರೆ ಪಠ್ಯದಲ್ಲಿ ಬಿಡಿಭಾಗಗಳು ಯಾವಾಗಲೂ ಹೊಸದು, ಬೋಲ್ಟುಗಳು ಯಾವಾಗಲೂ ಬಿಚ್ಚುತ್ತವೆ. ‘ಗೂಡನ್ನು ಹೊರತೆಗೆಯಿರಿ’ ಎಂಬ ಒಂದು ಸಾಲಿನ ಹಿಂದೆ ಆ ನಾಲೆ ಪಕ್ಕದ ಶೆಡ್ಡಿನ ಇಡೀ ಮಧ್ಯಾಹ್ನ ಅಡಗಿದೆ. ಈ ಸಭೆಯಲ್ಲಿ ಕೂತಿರುವ ಮೇಸ್ತ್ರಿಗಳ ಮಾತನ್ನು ಅವರ ಮಾತಿನಲ್ಲೇ ಬರೆದುಕೊಂಡು, ಚಿತ್ರ ಹಾಕಿ, ಜೇಬಿಗೆ ಹಿಡಿಸುವ ಪುಸ್ತಿಕೆ ಮಾಡಬೇಕು. ಅದು ಬಸ್ ಸ್ಟ್ಯಾಂಡಿನಲ್ಲಿ ಸಿಗುವಂತಾಗಬೇಕು. ದತ್ತಿಯವರು ಒಪ್ಪಿದರೆ ಈ ಉಪನ್ಯಾಸದ ಸಂಭಾವನೆಯನ್ನು ಆ ಕೆಲಸಕ್ಕೇ ಬಿಟ್ಟುಕೊಡುತ್ತೇನೆ.

ಕೊನೆಯದಾಗಿ, ಬಿಚ್ಚಿ ಕೂಡಿಸಿದ ಬ್ರೇಕನ್ನು ನೋಡುವ ಕ್ರಮ. ಕುಳಿಗಳಿಗೆ ಕಾವು ತಡೆಯುವ ಗ್ರೀಸು ತೆಳ್ಳಗೆ ಸವರಿ, ಲೈನಿಂಗಿಗೆ ಬೆರಳಚ್ಚಿನಷ್ಟೂ ತಾಗಬಾರದು. ರಬ್ಬರ್ ಮುಸುಕು ಹೊಸದೇ ಆಗಬೇಕು. ಎರಡೂ ಪೆಡಲಿನ ಆಟ ಸಮ ಮಾಡಿ. ಟ್ರೇಲರು ಕಳಚಿ, ಜನ ಇಲ್ಲದ ಮಟ್ಟಸದ ಮಣ್ಣುನೆಲಕ್ಕೆ ಒಯ್ದು ಮೆಲ್ಲಗೆ ಓಡಿಸಿ, ಎಡ ಬಲ ಒಂದೊಂದೇ ಒತ್ತಿ. ಪೆಡಲ್ ಬಿಟ್ಟೊಡನೆ ಹಿಡಿತವೂ ಬಿಡಬೇಕು. ಆಮೇಲೆ ಎರಡೂ ಪೆಡಲಿನ ಕೊಂಡಿ ಕೂಡಿಸಿ ಒತ್ತಿ, ಇಳಿದು ನೆಲದ ಮೇಲೆ ಎರಡು ಹಿಂದಿನ ಚಕ್ರಗಳ ಗೀರಿನ ಉದ್ದ ನೋಡಿ. ಒಂದು ಗೀರು ಉದ್ದ, ಇನ್ನೊಂದು ಗಿಡ್ಡ ಇದ್ದರೆ ಉದ್ದ ಗೀರಿನ ಕಡೆಯ ರಾಡನ್ನು ಅರ್ಧ ಸುತ್ತು ಸಡಿಲಿಸಿ ಮತ್ತೆ ಓಡಿಸಿ. ಎರಡೂ ಗೀರು ಸಮನಾಗುವ ತನಕ ಆ ಗಾಡಿಗೆ ಟ್ರೇಲರು ಸಿಕ್ಕಿಸಬೇಡಿ, ಕಾರ್ಖಾನೆಯಿಂದ ಕಬ್ಬಿಗೆ ಎಷ್ಟೇ ಕರೆ ಬಂದರೂ.

ಮೇಸ್ತ್ರಿಗಳಲ್ಲಿ ಯಾರಿಗಾದರೂ ನಾನು ಹೇಳಿದ್ದಕ್ಕಿಂತ ಒಳ್ಳೆಯ ದಾರಿ ಗೊತ್ತಿದ್ದರೆ ದಯವಿಟ್ಟು ಈಗ ಎದ್ದು ಹೇಳಿ, ಬರೆದುಕೊಳ್ಳುತ್ತೇನೆ.